ಕದಲಬಾರದ್ದು ಕದಲಿದಾಗ

ನನ್ನ ಕಂಪ್ಯೂಟರಿನ ಪರದೆ ಮೇಲೆ ಈಗ 412 ಗೆರೆಗಳಿವೆ. ಒಂದೊಂದು ಗೆರೆಯೂ ಒಂದು ಜೀವಕೋಶ ನಡೆದ ದಾರಿ. ಇಲಿಯ ಲಿಂಫ್ ನೋಡ್ ಒಳಗೆ ಅರ್ಧ ಗಂಟೆ ಓಡಾಡಿದ ಟಿ ಕೋಶಗಳ ಜಾಡು ಇದು. ಟಿ ಕೋಶ ಅಂದರೆ ರೋಗದ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ. ಎಲ್ಲ ಜಾಡುಗಳ ಶುರುವನ್ನೂ ಒಂದೇ ಚುಕ್ಕಿಗೆ ತಂದು ಕೂರಿಸಿದ್ದೇನೆ. ಹಾಗೆ ಮಾಡಿದರೆ ಚಿತ್ರ ಒಂದು ರಾಗಿ ಪೈರನ್ನು ಬುಡಸಮೇತ ಕಿತ್ತು, ಮಣ್ಣು ಕೊಡವಿ, ಬೇರಿನ ಕಡೆಯಿಂದ ನೋಡಿದ ಹಾಗೆ ಕಾಣುತ್ತದೆ. ನಡುವೆ ಒತ್ತಾಗಿ, ಅಂಚಿನಲ್ಲಿ ಎಳೆ ಎಳೆಯಾಗಿ, ಸುತ್ತಲೂ ಹರಡಿಕೊಂಡಿದೆ.

ಆರು ವರ್ಷದ ಹಿಂದೆ ನಾನು ಬರೆಸಿದ ಮೊದಲ ಚಿತ್ರ ಹೀಗೆ ಸುತ್ತಲೂ ಹರಡಿರಲಿಲ್ಲ. ಬೇರುಗಳು ಬಲಗಡೆ ಮೇಲ್ಮೂಲೆಗೆ ವಾಲಿದ್ದವು. ಆ ವಾಲಿದ ಚಿತ್ರದ ಕತೆ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ.

ನಾನು ಓದಿದ್ದು ಸಂಖ್ಯಾಶಾಸ್ತ್ರ. ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಡೇಟಾ ನೋಡುವ ಕೆಲಸಕ್ಕೆ ಸೇರಿದಾಗ ನನಗೆ ಜೀವಕೋಶ ಅಂದರೆ ಶಾಲೆಯ ಪುಸ್ತಕದ ಗುಂಡಗಿನ ಚಿತ್ರ ಅಷ್ಟೇ. ಅದು ನಡೆಯುತ್ತದೆ ಅಂತ ಗೊತ್ತಿತ್ತು. ನೋಡಿರಲಿಲ್ಲ. ಮೊದಲ ದಿನ ಒಬ್ಬರು ಹಳೆಯ ಕಪ್ಪು ಬಿಳುಪು ಫಿಲ್ಮ್ ತೋರಿಸಿದರು. 1950ರ ದಶಕದಲ್ಲಿ ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ರೋಜರ್ಸ್ ತೆಗೆದದ್ದು. ಕೆಂಪು ರಕ್ತಕಣಗಳ ಸಂದಿಯಲ್ಲಿ ಒಂದು ಬಿಳಿ ರಕ್ತಕಣ ಒಂದು ಬ್ಯಾಕ್ಟೀರಿಯಾವನ್ನು ಅಟ್ಟಿಸಿಕೊಂಡು ಹೋಗುತ್ತದೆ. ಬ್ಯಾಕ್ಟೀರಿಯಾ ತಿರುಗಿದ ಕಡೆ ಇದೂ ತಿರುಗುತ್ತದೆ. ಕೊನೆಗೆ ನುಂಗುತ್ತದೆ. ಇಂಟರ್ನೆಟ್ಟಿನಲ್ಲಿ ಸಿಗುತ್ತದೆ, ನೋಡಿಲ್ಲವಾದರೆ ದಯವಿಟ್ಟು ಒಮ್ಮೆ ನೋಡಿ. ಅದನ್ನು ನೋಡಿದ ಮೇಲೆ ಯಾರಿಗಾದರೂ ಅನಿಸುವುದು ಒಂದೇ: ಈ ಕೋಶಕ್ಕೆ ತಾನು ಎಲ್ಲಿಗೆ ಹೋಗಬೇಕು ಅಂತ ಗೊತ್ತು.

ನನಗೂ ಹಾಗೇ ಅನಿಸಿತ್ತು. ಆ ಅನಿಸಿಕೆಯನ್ನು ಇಟ್ಟುಕೊಂಡೇ ನಾನು ಟಿ ಕೋಶಗಳ ಹತ್ತಿರ ಬಂದೆ.

ಲಿಂಫ್ ನೋಡ್ ಅಂದರೆ ಗಂಟಲು ನೋವು ಬಂದಾಗ ದವಡೆಯ ಕೆಳಗೆ ಕೈಗೆ ಸಿಗುತ್ತಲ್ಲ, ಆ ಗಂಟು. ಅದರೊಳಗೆ ಟಿ ಕೋಶಗಳು ಕಿಕ್ಕಿರಿದಿರುತ್ತವೆ. ಒಂದೊಂದು ಟಿ ಕೋಶಕ್ಕೂ ತನ್ನದೇ ಒಂದು ಗುರುತು ಹಿಡಿಯುವ ಶಕ್ತಿ. ಒಂದು ರೋಗಾಣುವಿನ ಚೂರನ್ನು ಗುರುತಿಸಬಲ್ಲ ಕೋಶಗಳು ಬಹಳ ಕಡಿಮೆ. ಆ ಚೂರನ್ನು ಹೊತ್ತು ತರುವವು ಡೆಂಡ್ರಿಟಿಕ್ ಕೋಶಗಳು. ಇವರಿಬ್ಬರೂ ಆ ಜನಜಂಗುಳಿಯಲ್ಲಿ ಭೇಟಿಯಾಗಬೇಕು. ಹೇಗೆ ಆಗುತ್ತಾರೆ? 2002ರವರೆಗೆ ಯಾರೂ ಜೀವಂತ ಗಂಟಿನ ಆಳಕ್ಕೆ ಇಳಿದು ಅದನ್ನು ಕಣ್ಣಾರೆ ನೋಡಿರಲಿಲ್ಲ. ಆ ವರ್ಷ ಕ್ಯಾಲಿಫೋರ್ನಿಯಾದ ಅರ್ವೈನ್‌ನಲ್ಲಿ ಮಾರ್ಕ್ ಮಿಲ್ಲರ್, ಇಯಾನ್ ಪಾರ್ಕರ್, ಮೈಕೆಲ್ ಕಹಲಾನ್ ಮತ್ತು ಜೊತೆಗಾರರು ಅಂಗಾಂಶದ ಆಳಕ್ಕೂ ಲೇಸರ್ ಹಾಯಿಸಿ ನೋಡುವ ಟೂ-ಫೋಟಾನ್ ಮೈಕ್ರೋಸ್ಕೋಪಿನಿಂದ ಇಲಿಯ ಲಿಂಫ್ ನೋಡ್ ಒಳಗೆ ನೋಡಿದರು. ಟಿ ಕೋಶಗಳು ನಿಮಿಷಕ್ಕೆ ಸುಮಾರು 11 ಮೈಕ್ರಾನ್ ವೇಗದಲ್ಲಿ ಓಡಾಡುತ್ತಿದ್ದವು. ಅಲ್ಲೇ ಇರುವ ಇನ್ನೊಂದು ಬಗೆಯ ಬಿಳಿ ರಕ್ತಕಣ, ಬಿ ಕೋಶಗಳದ್ದು ಅದರ ಅರ್ಧದಷ್ಟು ವೇಗ. ಮೈಕ್ರಾನ್ ಅಂದರೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ನಮಗೆ ಏನೂ ಅಲ್ಲ, ಆದರೆ ಟಿ ಕೋಶ ಒಂದು ನಿಮಿಷದಲ್ಲಿ ತನ್ನ ಮೈಯುದ್ದಕ್ಕಿಂತ ಜಾಸ್ತಿ ದೂರ ಹೋಗುತ್ತದೆ. ಇನ್ನೂ ದೊಡ್ಡ ಸಂಗತಿ ಅಂದರೆ, ಅವು ಯಾವ ಕಡೆಗೂ ಹೋಗುತ್ತಿರಲಿಲ್ಲ. ಸುಮ್ನೆ ಅಲೆಯುತ್ತಿದ್ದವು.

ನನ್ನ ಮೊದಲ ಡೇಟಾದಲ್ಲಿ ಅವು ಅಲೆಯುತ್ತಿರಲಿಲ್ಲ. ಒಂದು ಕಡೆಗೆ ಹೊರಟಿದ್ದವು.

ಜಾಡು ಹೇಗೆ ಸಿಗುತ್ತದೆ ಅಂತ ಹೇಳಿಬಿಡುತ್ತೇನೆ. ಅರಿವಳಿಕೆ ಕೊಟ್ಟು ಮಲಗಿಸಿದ ಇಲಿ. ಬಣ್ಣ ಹಾಕಿದ ಕೋಶಗಳು. ಪ್ರತಿ 30 ಸೆಕೆಂಡಿಗೆ ಒಂದು ಚಿತ್ರ. ಒಂದು ಸಾಫ್ಟ್‌ವೇರ್ ಪ್ರತಿ ಚಿತ್ರದಲ್ಲೂ ಹೊಳೆಯುವ ಚುಕ್ಕಿಗಳನ್ನು ಹುಡುಕಿ, ಹಿಂದಿನ ಚಿತ್ರದ ಈ ಚುಕ್ಕಿಯೇ ಈಗಿನ ಆ ಚುಕ್ಕಿ ಅಂತ ಊಹಿಸಿ ಗಂಟು ಹಾಕುತ್ತಾ ಹೋಗುತ್ತದೆ. ಕೊನೆಗೆ ನನ್ನ ಕೈಗೆ ಬರುವುದು ಒಂದು ಉದ್ದನೆಯ ಪಟ್ಟಿ. ಕೋಶದ ಸಂಖ್ಯೆ, ಸಮಯ, ಎಕ್ಸ್, ವೈ, ಝಡ್. ಅಷ್ಟೇ. ಆ ಪಟ್ಟಿಯನ್ನು ನಾನು ಆರ್ ಎಂಬ ಸಾಫ್ಟ್‌ವೇರಿಗೆ ಕೊಡುತ್ತೇನೆ. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್ 1990ರ ದಶಕದ ಶುರುವಿನಲ್ಲಿ ಕಟ್ಟಿದ್ದು ಅದು. ದುಡ್ಡು ಕೊಡಬೇಕಿಲ್ಲ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಅದರ ಮೇಲೆ ಕೂರುವ ಸೆಲ್‌ಟ್ರ್ಯಾಕ್‌ಆರ್ ಎಂಬ ಪ್ಯಾಕೇಜನ್ನು ನೆದರ್ಲೆಂಡ್ಸ್‌ನ ಇಂಗೆ ವೊರ್ಟೆಲ್, ಯೊಹಾನೆಸ್ ಟೆಕ್ಸ್ಟರ್ ಮತ್ತಿತರರು ಜಾಡು ನೋಡುವುದಕ್ಕೆ ಅಂತಲೇ ಮಾಡಿದ್ದಾರೆ. ಅದರ ಜೊತೆಗೆ ಟಿ ಕೋಶ, ಬಿ ಕೋಶ, ನ್ಯೂಟ್ರೋಫಿಲ್ (ಇದೂ ಒಂದು ಬಗೆಯ ಬಿಳಿ ರಕ್ತಕಣ) ಮೂರರ ನಿಜವಾದ ಜಾಡುಗಳೂ ಬರುತ್ತವೆ. ಕಲಿಯುವವರಿಗೆ ಇಲಿಯೂ ಬೇಡ, ಮೈಕ್ರೋಸ್ಕೋಪೂ ಬೇಡ. ಇದು ನನಗೆ ತುಂಬಾ ಇಷ್ಟವಾದ ವಿಷಯ. ತಿಪಟೂರಿನಲ್ಲೋ ಸಿಂಧನೂರಿನಲ್ಲೋ ಕೂತ ಬಿ.ಎಸ್ಸಿ. ಹುಡುಗಿಯೊಬ್ಬಳು ಲ್ಯಾಪ್‌ಟಾಪ್ ಒಂದಿದ್ದರೆ ಸಂಜೆ ಕೂತು ನಿಜವಾದ ಜಾಡುಗಳ ಜೊತೆ ಕೆಲಸ ಮಾಡಬಹುದು.

ವಾಲಿದ ಚಿತ್ರ ಬಂದಾಗ ನಾನು ಹೊಟೆಲಿಂಗ್ ಪರೀಕ್ಷೆ ಮಾಡಿದೆ. ಕೋಶಗಳ ಹೆಜ್ಜೆಗಳನ್ನೆಲ್ಲ ಕೂಡಿದರೆ ಒಂದನ್ನೊಂದು ಹೊಡೆದುಕೊಂಡು ಸೊನ್ನೆಯಾಗುತ್ತವೆಯೋ, ಅಥವಾ ಒಂದು ಕಡೆಗೆ ಉಳಿಯುತ್ತವೆಯೋ ಅಂತ ಅದು ನೋಡುತ್ತದೆ. ಪಿ ಬೆಲೆ, ಅಂದರೆ ನಿಜಕ್ಕೂ ಏನೂ ಇಲ್ಲದಿದ್ದರೆ ಇಂಥ ಫಲಿತಾಂಶ ಆಕಸ್ಮಿಕವಾಗಿ ಬರುವ ಸಾಧ್ಯತೆ, ಸೊನ್ನೆಯ ಹತ್ತಿರ ಬಂತು. ಎರಡು ವಾರ ನಾನು ಆ ಫಲಿತಾಂಶದ ಸುತ್ತಲೇ ಇದ್ದೆ. ಗ್ರಾಫು ಮಾಡಿದೆ, ಬಣ್ಣ ತಿದ್ದಿದೆ, ಮೂಲೆಯಲ್ಲಿ ಏನು ಇರಬಹುದು ಅಂತ ಓದಿದೆ. ಪ್ರಯೋಗಾಲಯದ ಮೀಟಿಂಗಿನಲ್ಲಿ ತೋರಿಸಿದೆ. ಎಲ್ಲರಿಗೂ ಖುಷಿ.

ಮೀಟಿಂಗ್ ಮುಗಿದ ಮೇಲೆ ಮೈಕ್ರೋಸ್ಕೋಪ್ ನೋಡಿಕೊಳ್ಳುವ ಹಿರಿಯರು ಹತ್ತಿರ ಬಂದರು. ಬಹಳ ಮೆಲ್ಲಗೆ ಕೇಳಿದರು. "ಮೇಡಂ, ನೀಲಿ ಎಳೆ ನೋಡಿದ್ರಾ?"

"ಯಾವ ನೀಲಿ ಎಳೆ ಸರ್?"

ಟೂ-ಫೋಟಾನ್ ಲೇಸರ್ ಬಿದ್ದಾಗ ಅಂಗಾಂಶಕ್ಕೆ ಗಟ್ಟಿತನ ಕೊಡುವ ಕೊಲಾಜೆನ್ ಎಳೆಗಳು ಯಾವ ಬಣ್ಣ ಹಾಕದಿದ್ದರೂ ತಾವಾಗಿಯೇ ಹೊಳೆಯುತ್ತವೆ. ಅದು ಬೇರೆ ಚಾನೆಲ್‌ನಲ್ಲಿ ದಾಖಲಾಗುತ್ತದೆ, ಪರದೆಯ ಮೇಲೆ ನೀಲಿಯಾಗಿ ತೋರಿಸುತ್ತಾರೆ. ನಾನು ಅದನ್ನು ತೆರೆದೇ ಇರಲಿಲ್ಲ. ನನಗೆ ಬೇಕಾದ್ದು ಕೋಶಗಳು, ಎಳೆ ಯಾಕೆ? ಅವತ್ತು ಸಂಜೆ ಇಬ್ಬರೂ ಕೂತು ನೀಲಿ ಚಾನೆಲ್ ಓಡಿಸಿದೆವು. ಎಳೆಗಳು ನಡೆಯುತ್ತಿದ್ದವು. ಬಲಗಡೆ ಮೇಲ್ಮೂಲೆಗೆ. ಅರ್ಧ ಗಂಟೆಯಲ್ಲಿ ಸುಮಾರು 25 ಮೈಕ್ರಾನ್.

ಕೊಲಾಜೆನ್ ಎಳೆಗೆ ಕಾಲಿಲ್ಲ. ಅದು ಎಲ್ಲಿಗೂ ಹೋಗುವುದಿಲ್ಲ. ಹೋಗಿದ್ದು ಇಡೀ ಅಂಗಾಂಶ. ಇಲಿ ಉಸಿರಾಡುತ್ತದೆ, ಮೈಯ ಬಿಸಿ ಹೆಚ್ಚು ಕಡಿಮೆ ಆಗುತ್ತದೆ, ಅಂಟಿಸಿದ್ದು ಸ್ವಲ್ಪ ಸಡಿಲವಾಗುತ್ತದೆ. ಲೆನ್ಸಿನ ಕೆಳಗೆ ಎಲ್ಲವೂ ಒಟ್ಟಿಗೆ ಸರಿಯುತ್ತದೆ. ಚಲಿಸುವ ಬಸ್ಸಿನೊಳಗೆ ಕೂತವರನ್ನೆಲ್ಲ ನಾನು ನಡೆಯುತ್ತಿದ್ದಾರೆ ಅಂತ ಲೆಕ್ಕ ಹಾಕಿದ್ದೆ.

ಹೊಟೆಲಿಂಗ್ ಪರೀಕ್ಷೆ ಸುಳ್ಳು ಹೇಳಿರಲಿಲ್ಲ. ಒಂದು ಕಡೆಗೆ ಚಲನೆ ಇದೆ ಅಂತ ಅದು ಹೇಳಿತ್ತು, ಇತ್ತು. ಚಲಿಸಿದ್ದು ಯಾರು ಅಂತ ನಾನು ಅದನ್ನು ಕೇಳಿರಲಿಲ್ಲ. ಕೇಳಿದ್ದರೂ ಅದಕ್ಕೆ ಗೊತ್ತಾಗುತ್ತಿರಲಿಲ್ಲ, ಯಾಕೆಂದರೆ ನಾನು ಕೊಟ್ಟ ಪಟ್ಟಿಯಲ್ಲಿ ಎಳೆಗಳೇ ಇರಲಿಲ್ಲ.

ಇದನ್ನು ಸರಿಮಾಡುವುದರಲ್ಲೂ ಒಂದು ಗುಂಡಿ ಇದೆ. ಎಲ್ಲ ಕೋಶಗಳ ಸರಾಸರಿ ಚಲನೆಯನ್ನು ಕಳೆದುಬಿಟ್ಟರೆ ವಾಲುವುದು ನಿಲ್ಲುತ್ತದೆ, ಅದು ಸುಲಭ. ಆದರೆ ಕೋಶಗಳು ನಿಜವಾಗಿಯೂ ಒಂದು ಕಡೆ ಹೊರಟಿದ್ದರೆ ಅದೂ ಅಳಿಸಿಹೋಗುತ್ತದೆ. ಹಾಗಾಗಿ ಕಳೆಯಬೇಕಾದ್ದು ಕೋಶಗಳ ಚಲನೆಯನ್ನಲ್ಲ, ಎಳೆಗಳ ಚಲನೆಯನ್ನು. ಇನ್ನೊಂದು ಪರೀಕ್ಷೆಯೂ ಇದೆ, ನನಗೆ ಅದು ಬಹಳ ಹಿಡಿಸುತ್ತದೆ. ಯಾವುದಾದರೂ ಎರಡು ಕೋಶ ತೆಗೆದುಕೊಂಡು ಅವು ಹೊರಟ ದಿಕ್ಕುಗಳ ನಡುವಿನ ಕೋನ ಅಳೆಯಿರಿ. ಒಂದಕ್ಕೊಂದು ಸಂಬಂಧ ಇಲ್ಲದಿದ್ದರೆ ಸರಾಸರಿ 90 ಡಿಗ್ರಿ ಬರುತ್ತದೆ. ಅಂಗಾಂಶವೇ ಸರಿದಿದ್ದರೆ ಹತ್ತಿರದ ಜೋಡಿಯಲ್ಲೂ ದೂರದ ಜೋಡಿಯಲ್ಲೂ ಒಂದೇ ರೀತಿ 90ಕ್ಕಿಂತ ಕೆಳಗೆ ಇಳಿದಿರುತ್ತದೆ. ನನ್ನದು ಇಳಿದಿತ್ತು. ಎಳೆ ನೋಡದಿದ್ದರೂ ಇದನ್ನಾದರೂ ನೋಡಬಹುದಿತ್ತು.

ಆ ವಾರ ನನಗೆ ಸಸ್ಯಶಾಸ್ತ್ರಜ್ಞ ರಾಬರ್ಟ್ ಬ್ರೌನ್ ಬಹಳ ನೆನಪಾದರು. 1827ರಲ್ಲಿ ಅವರು ಹೂವಿನ ಪರಾಗದಿಂದ ಬಂದ ಕಣಗಳು ನೀರಿನಲ್ಲಿ ನಡುಗುತ್ತಾ ಓಡಾಡುವುದನ್ನು ಕಂಡರು. ಜೀವ ಇರುವ ವಸ್ತುವಾದ್ದರಿಂದ ಓಡಾಡುತ್ತಿದೆ ಅಂತ ಅಂದುಕೊಳ್ಳುವುದು ಸಹಜ ಅಲ್ವಾ? ಬ್ರೌನ್ ಅಲ್ಲಿಗೆ ನಿಲ್ಲಲಿಲ್ಲ. ಸತ್ತ ಗಿಡದ ಪುಡಿ ಹಾಕಿ ನೋಡಿದರು. ಗಾಜಿನ ಪುಡಿ ಹಾಕಿದರು. ಕಲ್ಲಿನ ಪುಡಿ ಹಾಕಿದರು. ಈಜಿಪ್ಟಿನ ಸ್ಫಿಂಕ್ಸ್‌ನ ಒಂದು ಚೂರನ್ನೂ ಪುಡಿ ಮಾಡಿ ಹಾಕಿದರು. ಎಲ್ಲವೂ ಓಡಾಡಿದವು. ಜೀವಕ್ಕೂ ಆ ನಡುಕಕ್ಕೂ ಸಂಬಂಧ ಇಲ್ಲ ಅಂತ ಹಾಗೆ ಗೊತ್ತಾಯಿತು. ಎಷ್ಟೋ ವರ್ಷದಿಂದ ಬ್ರೌನಿಯನ್ ಚಲನೆ ಅಂತ ಓದಿದ್ದೆ, ಸೂತ್ರ ಬರೆದಿದ್ದೆ. ಆ ಮನುಷ್ಯ ಕಲ್ಲು ಅರೆದು ನೀರಿಗೆ ಹಾಕಿದ್ದು ಯಾಕೆ ಅಂತ ನೀಲಿ ಎಳೆ ನೋಡಿದ ದಿನ ಅರ್ಥವಾಯಿತು.

ಆಮೇಲೆ ನಾನೂ ಅದೇ ದಾರಿ ಹಿಡಿದೆ. ರಾಸಾಯನಿಕ ಹಾಕಿ ಇದ್ದಲ್ಲೇ ಗಟ್ಟಿಮಾಡಿದ ಸತ್ತ ಕೋಶಗಳ ಫಿಲ್ಮ್ ತೆಗೆಸಿಕೊಂಡು, ಅದನ್ನು ಜೀವಂತ ಕೋಶಗಳ ಹಾಗೆಯೇ ಲೆಕ್ಕಕ್ಕೆ ಹಾಕಿದೆ. ಅವಕ್ಕೂ ವೇಗ ಬಂತು, ನಿಮಿಷಕ್ಕೆ ಸುಮಾರು 2 ಮೈಕ್ರಾನ್! ಕಾರಣ ಸರಳ. ಚುಕ್ಕಿಯ ನಡುಭಾಗ ಎಲ್ಲಿ ಅಂತ ಸಾಫ್ಟ್‌ವೇರ್ ಪ್ರತಿ ಸಲ ಸ್ವಲ್ಪ ಆಚೀಚೆ ಗುರುತಿಸುತ್ತದೆ. ಮೊಬೈಲ್ ಮೇಜಿನ ಮೇಲಿದ್ದರೂ ಮ್ಯಾಪಿನ ನೀಲಿ ಚುಕ್ಕಿ ಪಕ್ಕದ ಬೀದಿಗೆ ಹೋಗಿ ಬರುತ್ತದಲ್ಲ, ಹಾಗೆ. ಪ್ರತಿ ಸಲದ ತಪ್ಪು ಒಂದೇ ಅಳತೆಯದು. ಹಾಗಾಗಿ 30 ಸೆಕೆಂಡಿನ ಬದಲು 10 ಸೆಕೆಂಡಿಗೆ ಒಮ್ಮೆ ನೋಡಿದರೆ ಸತ್ತ ಕೋಶದ ವೇಗ ಮೂರು ಪಟ್ಟಾಗುತ್ತದೆ.

ಹಾಗಾದರೆ ಹೆಚ್ಚು ಹೊತ್ತು ಬಿಟ್ಟು ಬಿಟ್ಟು ನೋಡೋಣ ಅಂದರೆ ಅಲ್ಲಿ ಇನ್ನೊಂದು ತೊಂದರೆ. ಆಗುಂಬೆ ಘಾಟಿ ಇಳಿಯುವ ಬಸ್ಸನ್ನು ನೆನೆಸಿಕೊಳ್ಳಿ. 14 ತಿರುವು. ಪ್ರತಿ ತಿರುವಿನಲ್ಲೂ ಬಸ್ ಎಲ್ಲಿದೆ ಅಂತ ಗುರುತು ಹಾಕಿದರೆ ದಾರಿ ಉದ್ದ. ಮೇಲೊಮ್ಮೆ, ಕೆಳಗೊಮ್ಮೆ ಮಾತ್ರ ಗುರುತು ಹಾಕಿದರೆ ಒಂದು ಗಿಡ್ಡ ನೇರ ಗೆರೆ, ಬಸ್ ತೆವಳುತ್ತಾ ಬಂದ ಹಾಗೆ ಕಾಣುತ್ತದೆ. ಕೋಶದ ವೇಗ ಅಂತ ನಾವು ಬರೆಯುವ ಅಂಕಿಯಲ್ಲಿ ನಮ್ಮ ಗಡಿಯಾರವೂ ಸೇರಿರುತ್ತದೆ. ಇದು ಗೊತ್ತಿಲ್ಲದೆ ಒಮ್ಮೆ 20 ಸೆಕೆಂಡಿನ ಫಿಲ್ಮನ್ನೂ 60 ಸೆಕೆಂಡಿನ ಫಿಲ್ಮನ್ನೂ ಹೋಲಿಸಿ, ಒಂದು ಔಷಧಿ ಕೋಶಗಳನ್ನು ನಿಧಾನ ಮಾಡುತ್ತದೆ ಅಂತ ನಂಬುವ ಹಂತಕ್ಕೆ ಬಂದಿದ್ದೆವು. 20 ಸೆಕೆಂಡಿನದ್ದರಲ್ಲಿ ಮೂರಕ್ಕೊಂದು ಚಿತ್ರ ಮಾತ್ರ ಇಟ್ಟುಕೊಂಡು ಮತ್ತೆ ಲೆಕ್ಕ ಹಾಕಿದೆ. ವ್ಯತ್ಯಾಸ ಕರಗಿಹೋಯಿತು.

ಕೋಶಗಳು ಅಲೆಯುತ್ತವೆ ಅಂದೆನಲ್ಲ, ಆ ಅಲೆದಾಟದ ಲೆಕ್ಕಕ್ಕೆ ಬೆಂಗಳೂರಿನ ಜೊತೆ ಒಂದು ನಂಟಿದೆ. ಇದನ್ನು ಓದಿ ತಿಳಿದಾಗ ನನಗೆ ಆದ ಸಂತೋಷ ಹೇಳತೀರದು. 1883ರಲ್ಲಿ ರೊನಾಲ್ಡ್ ರಾಸ್ ಎಂಬ ಸೇನೆಯ ವೈದ್ಯರು ಬೆಂಗಳೂರಿನಲ್ಲಿದ್ದರು. ಮಲೇರಿಯಾ ಸೊಳ್ಳೆಯಿಂದ ಬರುತ್ತದೆ ಅಂತ ಮುಂದೆ 1897ರಲ್ಲಿ ಸಿಕಂದರಾಬಾದಿನಲ್ಲಿ ದಾರಿ ತೋರಿಸಿದವರು ಅವರೇ. ಬೆಂಗಳೂರಿನ ಮನೆಯಲ್ಲಿ ಅವರಿಗೆ ಸೊಳ್ಳೆ ಕಾಟ. ಕಿಟಕಿಯ ಹೊರಗೆ ನೀರಿನ ತೊಟ್ಟಿಯೊಂದಿತ್ತು, ಅದರಲ್ಲಿ ಮರಿಗಳು. ತೊಟ್ಟಿ ಬೋರಲು ಹಾಕಿಸಿದರು, ಕಾಟ ಕಡಿಮೆಯಾಯಿತು. ವರ್ಷಗಳು ಕಳೆದ ಮೇಲೆ ಅದೇ ವಿಚಾರ ದೊಡ್ಡದಾಗಿ ಬೆಳೆಯಿತು. ಊರಿನ ಸುತ್ತ ನಿಂತ ನೀರನ್ನೆಲ್ಲ ತೆಗೆದರೆ, ಹೊರಗಿನಿಂದ ಸೊಳ್ಳೆಗಳು ಅಲೆಯುತ್ತಾ ಎಷ್ಟು ಒಳಗೆ ಬರುತ್ತವೆ? 1904ರಲ್ಲಿ ರಾಸ್ ಇದರ ಬಗ್ಗೆ ಉಪನ್ಯಾಸ ಕೊಟ್ಟರು. ಲೆಕ್ಕ ಪೂರ್ತಿ ಬಿಡಿಸಲು ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್ ಅವರ ಸಹಾಯ ಕೇಳಿದರು. ಪಿಯರ್ಸನ್ 1905ರಲ್ಲಿ ನೇಚರ್ ಪತ್ರಿಕೆಗೆ ಪುಟ್ಟ ಪತ್ರ ಬರೆದರು. ಒಬ್ಬ ಮನುಷ್ಯ ಒಂದಷ್ಟು ದೂರ ನೇರ ನಡೆಯುತ್ತಾನೆ, ಎಲ್ಲೋ ತಿರುಗುತ್ತಾನೆ, ಮತ್ತೆ ಅಷ್ಟೇ ದೂರ ನಡೆಯುತ್ತಾನೆ. ಹೀಗೇ ಮುಂದುವರಿದರೆ ಕೊನೆಗೆ ಎಲ್ಲಿರುತ್ತಾನೆ? ರ‍್ಯಾಂಡಮ್ ವಾಕ್ ಅನ್ನುವ ಹೆಸರು ಬಂದದ್ದು ಆ ಪತ್ರದಿಂದ. ಬೆಂಗಳೂರಿನ ತೊಟ್ಟಿಯಿಂದ ಆ ಪತ್ರಕ್ಕೆ 22 ವರ್ಷ.

ಆ ಲೆಕ್ಕವನ್ನು ಟಿ ಕೋಶಕ್ಕೆ ಹಾಕಿ ನೋಡಿ. ನಿಮಿಷಕ್ಕೆ 11 ಮೈಕ್ರಾನ್ ನೇರ ಹೋದರೆ ಗಂಟೆಗೆ 660. ಎರಡು ನಿಮಿಷ ನೇರ ಹೋಗಿ ಎಲ್ಲೆಂದರಲ್ಲಿ ತಿರುಗುತ್ತದೆ ಅಂತ ಇಟ್ಟುಕೊಂಡರೆ, 22 ಮೈಕ್ರಾನಿನ 30 ಹೆಜ್ಜೆ. ಗುರಿಯಿಲ್ಲದ ನಡಿಗೆಯಲ್ಲಿ ದೂರ ಬೆಳೆಯುವುದು ಹೆಜ್ಜೆಗಳ ಸಂಖ್ಯೆಯ ವರ್ಗಮೂಲದ ಲೆಕ್ಕದಲ್ಲಿ. 30ರ ವರ್ಗಮೂಲ ಸುಮಾರು ಐದೂವರೆ. ಅಂದರೆ ಹೊರಟ ಜಾಗದಿಂದ ಸುಮಾರು 120 ಮೈಕ್ರಾನ್ ಅಷ್ಟೇ. ದುಪ್ಪಟ್ಟು ದೂರ ಹೋಗಬೇಕಾದರೆ ನಾಲ್ಕು ಪಟ್ಟು ಹೊತ್ತು ಬೇಕು. ವ್ಯರ್ಥ ಅನಿಸಬಹುದು. ಆದರೆ ಹುಡುಕುವ ವಸ್ತು ಎಲ್ಲಿದೆ ಅಂತ ಗೊತ್ತಿಲ್ಲದವರಿಗೆ ಒಂದು ಕೇರಿಯನ್ನು ಪೂರ್ತಿ ಸುತ್ತುವುದು ಒಳ್ಳೆಯ ದಾರಿಯೇ. 2006ರಲ್ಲಿ ಇನ್ನೂ ಒಂದು ಗೊತ್ತಾಯಿತು. ಲಿಂಫ್ ನೋಡ್ ಒಳಗೆ ಕೆಲವು ಕೋಶಗಳು ಬಲೆಯ ಹಾಗೆ ಕೈಚಾಚಿ ಹಬ್ಬಿರುತ್ತವೆ, ಟಿ ಕೋಶಗಳು ಆ ಬಲೆಯ ಎಳೆ ಹಿಡಿದೇ ನಡೆಯುತ್ತವೆ. ದಾರಿ ಇದೆ, ಕವಲುಗಳು ಜಾಸ್ತಿ. ಹೊರಗಿನಿಂದ ನೋಡುವ ನಮಗೆ ಅದು ಅಲೆದಾಟ.

ಈಗ ಯಾವ ಹೊಸ ಡೇಟಾ ಬಂದರೂ ನಾನು ಮೊದಲು ಗುರಿಯೇ ಇಲ್ಲದ ಜಾಡುಗಳನ್ನು ಆರ್‌ನಲ್ಲಿ ಹುಟ್ಟಿಸುತ್ತೇನೆ. ಅಷ್ಟೇ ವೇಗ, ಅಷ್ಟೇ ಹೆಜ್ಜೆ, ತಿರುಗುವುದು ಮಾತ್ರ ಲಾಟರಿ. ಅವನ್ನು ಹಾಳೆ ತುಂಬ ಬರೆಸಿ ಗೋಡೆಗೆ ಅಂಟಿಸುತ್ತೇನೆ. ಒಂದು ಕೋಶ ಏನನ್ನೋ ಅಟ್ಟಿಸಿಕೊಂಡು ಹೋದ ಹಾಗಿರುತ್ತದೆ. ಇನ್ನೊಂದು ಏನನ್ನೋ ಕಾಯುತ್ತಾ ಕೂತ ಹಾಗಿರುತ್ತದೆ. ಯಾವುದರಲ್ಲೂ ಏನೂ ಇಲ್ಲ, ಕಂಪ್ಯೂಟರ್ ಉರುಳಿಸಿದ ದಾಳ. ನಮ್ಮ ಕಣ್ಣು ಎಷ್ಟು ಬೇಗ ಕತೆ ಕಟ್ಟುತ್ತದೆ ಅಂತ ಹೊಸ ವಿದ್ಯಾರ್ಥಿಗಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಜಾಡು ಎಷ್ಟು ನೇರ ಅನ್ನುವ ಅಂಕಿಯೂ ಇಲ್ಲಿ ಬಯಲಾಗುತ್ತದೆ. ಶುರುವಿನಿಂದ ಕೊನೆಗೆ ಇರುವ ದೂರವನ್ನು ನಡೆದ ದೂರದಿಂದ ಭಾಗಿಸುವುದು ಅದು. ಗುರಿಯಿಲ್ಲದ ನಡಿಗೆಯಲ್ಲೂ 4 ಹೆಜ್ಜೆಗೆ ಅದು ಅರ್ಧದ ಹತ್ತಿರ ಇರುತ್ತದೆ, 100 ಹೆಜ್ಜೆಗೆ ಹತ್ತರಲ್ಲಿ ಒಂದು. ಒಂದೇ ಹೆಜ್ಜೆಯ ಜಾಡು ಯಾವಾಗಲೂ ನೇರ. ಮೇಲಾಗಿ ವೇಗದ ಕೋಶಗಳು ಚೌಕಟ್ಟಿನಿಂದ ಬೇಗ ಆಚೆ ಹೋಗುತ್ತವೆ, ಅವುಗಳ ಜಾಡು ಗಿಡ್ಡ. ಕೊನೆತನಕ ಉಳಿಯುವವು ನಿಧಾನದವು. ಕಿಟಕಿಯಿಂದ ಸಂತೆ ನೋಡಿದರೆ ಅರ್ಧ ಗಂಟೆಯಾದ ಮೇಲೂ ಕಾಣುವವರು ಕೂತವರೇ. ಉದ್ದದ ಜಾಡುಗಳನ್ನು ಮಾತ್ರ ಆರಿಸಿಕೊಂಡರೆ ಕೂತವರನ್ನು ಆರಿಸಿದ ಹಾಗೆ.

ಒಂದು ವಿಷಯದಲ್ಲಿ ಮಾತ್ರ ನಾನು ಈಗಲೂ ಜಗಳವಾಡುತ್ತೇನೆ. ಮೂರು ಇಲಿ, 1200 ಜಾಡು. ಎಷ್ಟು ಮಾದರಿ? 1200 ಅಂತ ಬರೆದರೆ ಯಾವ ಸಣ್ಣ ವ್ಯತ್ಯಾಸಕ್ಕೂ ಪಿ ಬೆಲೆ ನೆಲ ಮುಟ್ಟುತ್ತದೆ. ನಮ್ಮದು ತೆಂಗಿನ ಸೀಮೆ. ಎರಡು ಬಗೆಯ ಗೊಬ್ಬರ ಹೋಲಿಸಬೇಕು ಅಂತ ಮೂರು ಮರಕ್ಕೆ ಒಂದು, ಮೂರು ಮರಕ್ಕೆ ಇನ್ನೊಂದು ಹಾಕಿ, ಮರಕ್ಕೆ ನೂರು ಕಾಯಿ ತೂಕ ಹಾಕಿದೆ ಅನ್ನಿ. ನನ್ನ ಹತ್ತಿರ 600 ಕಾಯಿಯ ತೂಕ ಇದೆ, ಆದರೆ ಗೊಬ್ಬರ ತಿಂದದ್ದು ಆರು ಮರ. ಊರಿನ ಯಾವ ರೈತರನ್ನು ಕೇಳಿದರೂ ಆ ಮರದ ಜಾಗ ತೇವ ಇತ್ತು, ಈ ಮರ ಹಳೇದು ಅಂತ ಮರದ ಮಾತೇ ಆಡುತ್ತಾರೆ, ಕಾಯಿಯ ಮಾತಲ್ಲ. ಕೋಶಗಳಿಗೂ ಅದೇ. ಒಂದು ಇಲಿಯ ಕೋಶಗಳು ಒಂದೇ ಮರದ ಕಾಯಿಗಳು. ಈಗ ನಾನು ಇಲಿಗೊಂದು ಸರಾಸರಿ ತೆಗೆದು ಅದನ್ನೇ ಹೋಲಿಸುತ್ತೇನೆ, ಅಥವಾ ಇಲಿಯನ್ನೂ ಲೆಕ್ಕದೊಳಗೆ ತರುವ ಮಿಕ್ಸೆಡ್ ಮಾಡೆಲ್ ಹಾಕುತ್ತೇನೆ. ಪಿ ಬೆಲೆ ದೊಡ್ಡದಾಗುತ್ತದೆ. ಕೆಲವರಿಗೆ ಬೇಸರವಾಗುತ್ತದೆ. ಆ ಇಲಿಗಳು ಜೀವ ಕೊಟ್ಟಿವೆ. ಅವುಗಳ ಸಂಖ್ಯೆಯನ್ನು ನಾನು ಹಿಗ್ಗಿಸಿ ಹೇಳಲಾರೆ.

ಮತ್ತೆ ಈ 412 ಗೆರೆಗಳಿಗೆ ಬರುತ್ತೇನೆ. ಎಳೆಗಳ ಚಲನೆ ಕಳೆದಾಗಿದೆ. ಜೋಡಿಗಳ ಕೋನ 90ರ ಸುತ್ತಮುತ್ತ ಇದೆ. ಬೇರು ಸುತ್ತಲೂ ಹರಡಿದೆ. 187ನೇ ಜಾಡು ಮಾತ್ರ ನನ್ನನ್ನು ಬಿಡುತ್ತಿಲ್ಲ. ಅದು ಆರು ನಿಮಿಷ ಉಳಿದವುಗಳ ಹಾಗೆ ಅಲೆದು, ಆಮೇಲೆ 11 ನಿಮಿಷ ಒಂದೇ ಜಾಗದ ಸುತ್ತ ಸುತ್ತಿದೆ. ಗೋಡೆಯ ಮೇಲಿನ ದಾಳದ ಜಾಡುಗಳಲ್ಲಿ ಹುಡುಕಿದೆ, ಅಷ್ಟು ಹೊತ್ತು ಅಷ್ಟು ಚಿಕ್ಕ ಜಾಗದಲ್ಲಿ ಉಳಿದದ್ದು ಸಿಗಲಿಲ್ಲ. ಫಿಲ್ಮ್ ತೆರೆದು ನೋಡಿದೆ. ಕೋಶ ಸುತ್ತುತ್ತಿರುವ ಜಾಗ ಕಪ್ಪಾಗಿದೆ. ಅಲ್ಲಿ ಒಂದು ಡೆಂಡ್ರಿಟಿಕ್ ಕೋಶ ಇರಬಹುದು. ಈ ಸಲ ಅವಕ್ಕೆ ಬಣ್ಣ ಹಾಕಿರಲಿಲ್ಲ.

ಗುರುವಾರ ಎರಡಕ್ಕೂ ಬಣ್ಣ ಹಾಕಿ ತೆಗೆಯುತ್ತಾರೆ. ಮೈಕ್ರೋಸ್ಕೋಪ್ ಹಿರಿಯರಿಂದ ನಿನ್ನೆ ರಾತ್ರಿ ಮೆಸೇಜ್ ಬಂದಿದೆ. "ನೀಲಿ ಚಾನೆಲ್ ಫೈಲ್ ಮೊದಲು ಕಳಿಸ್ತೀನಿ ಮೇಡಂ."